ಗುದ್ದಿದರೆ ಹತ್ತುವ ದೀಪ

ನಮ್ಮ ಕೊತ್ತಗೆರೆ ಕಡೆ ಕಾರಿನ ಹೆಡ್‌ಲೈಟ್ ಕೈಕೊಟ್ಟರೆ ಮೊದಲು ಮಾಡುವ ಕೆಲಸ ಒಂದೇ. ಗಾಡಿ ನಿಲ್ಲಿಸಿ ಇಳಿದು, ದೀಪದ ಪಕ್ಕಕ್ಕೆ ಅಂಗೈಯಿಂದ ಎರಡು ಗುದ್ದು ಹಾಕುವುದು. ಹತ್ತಿಕೊಂಡರೆ ಸಮಾಧಾನ, ಸೀಟಿಗೆ ಕೂತು ಹೊರಡುವುದು. ಹತ್ತದಿದ್ದರೆ ಮಾರನೆಯ ದಿನ ಕುಣಿಗಲ್ಲಿಗೆ ಹೋಗಿ ಬಲ್ಬು ಬದಲಾಯಿಸುವುದು. ಆ ಹೊಸ ಬಲ್ಬೂ ನಾಲ್ಕು ತಿಂಗಳಲ್ಲಿ ಗುದ್ದು ಕೇಳುತ್ತದೆ. ನಮ್ಮ ಮನೆಯ ಕಾರಿನಲ್ಲೂ ಹೀಗೇ ಆಯಿತು. ಈ ಗುದ್ದಿನ ಹಿಂದೆ ಏನಿದೆ, ಅದನ್ನು ಮನೆಯಂಗಳದಲ್ಲೇ ಹೇಗೆ ಹುಡುಕಿ ಸರಿಮಾಡಬಹುದು ಎಂಬುದನ್ನು ಈ ಹೊತ್ತು ನಿಮಗೆ ಹೇಳಬೇಕು ಅಂತ ಬಂದಿದ್ದೇನೆ.

ರಾಗಿ ಒಕ್ಕಣೆಯ ದಿನಗಳು. ನಾನು, ನಮ್ಮಕ್ಕ ಎಡೆಯೂರು ಸಿದ್ಧಲಿಂಗೇಶ್ವರನ ಗದ್ದುಗೆಗೆ ಹೋಗಿ, ಕತ್ತಲಾದ ಮೇಲೆ ವಾಪಸು ಬರುತ್ತಿದ್ದೆವು. ಕಾರು ಓಡಿಸುತ್ತಿದ್ದವಳು ನಾನೇ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇರುವಷ್ಟು ಹೊತ್ತು ಏನೂ ತೊಂದರೆ ಇರಲಿಲ್ಲ. ಹೆದ್ದಾರಿ ಬಿಟ್ಟು ಊರ ರಸ್ತೆಗೆ ತಿರುಗಿ ಮೊದಲನೇ ಹಂಪ್ ದಾಟಿದ್ದೇ ತಡ, ಬಲಗಡೆಯ ದೀಪ ಆರಿತು. ಮುಂದಿನ ಗುಂಡಿಯಲ್ಲಿ ಹತ್ತಿತು. ಮತ್ತೆ ಆರಿತು. ಎದುರಿಗೆ ಒಂದು ಲಗೇಜ್ ಆಟೋ ಬರುತ್ತಿತ್ತು. ಆತನ ಕಣ್ಣಿಗೆ ಬಿದ್ದದ್ದು ನಮ್ಮ ಎಡಗಡೆಯ ಒಂದೇ ದೀಪ. ರಸ್ತೆಯ ಆ ಅಂಚಿನಲ್ಲಿ ಯಾರೋ ಬೈಕಿನವರು ಬರುತ್ತಿದ್ದಾರೆ ಎಂದುಕೊಂಡು ಆತ ಧಾರಾಳವಾಗಿ ನಡುರಸ್ತೆಗೆ ಬಂದ. ಆ ಒಂದು ದೀಪಕ್ಕೂ ಅವನಿಗೂ ನಡುವೆ ಇಡೀ ಒಂದು ಕಾರಿನ ಅಗಲ ಕತ್ತಲಲ್ಲಿ ಇತ್ತು. ಅದರಲ್ಲಿ ನಾನು ಕೂತಿದ್ದೆ. ಕೊನೆಯ ಗಳಿಗೆಯಲ್ಲಿ ಆತ ಪಕ್ಕಕ್ಕೆಳೆದುಕೊಂಡ. ರಸ್ತೆ ಮೇಲೆ ಹರಡಿದ್ದ ರಾಗಿ ಹುಲ್ಲಿನ ಮೇಲೆ ಚಕ್ರ ಜಾರಿ, ಹುಲ್ಲಿಗೆ ಕಾವಲಾಗಿ ಜೋಡಿಸಿದ್ದ ಕಲ್ಲುಗಳ ಮುಂದೆ ಆಟೋ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಮಾತ್ರ ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಬಲಗಡೆಯ ದೀಪ ಹೋಗುವುದಕ್ಕೂ ಎಡಗಡೆಯದು ಹೋಗುವುದಕ್ಕೂ ವ್ಯತ್ಯಾಸ ಇದೆ ಎಂದು ನನಗೆ ತಿಳಿದದ್ದು ಆ ರಾತ್ರಿ. ನಮ್ಮ ದೇಶದಲ್ಲಿ ಎಡಕ್ಕೆ ಓಡಿಸುತ್ತೇವೆ. ಬಲದ ದೀಪ ಎದುರಿನವರಿಗೆ ನಮ್ಮ ಗಾಡಿಯ ಎಲ್ಲೆ ತೋರಿಸುತ್ತದೆ. ಅದು ಆರಿದರೆ ಎಲ್ಲೆಯೇ ಅಳಿಸಿಹೋದ ಹಾಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೇ ನಿಯಮ, ರಾತ್ರಿ ಹೊತ್ತು ಗಾಡಿಯ ದೀಪದ ಬೆಳಕಿಗೆ 155 ಮೀಟರು ಮುಂದಿರುವ ಜನ, ವಾಹನ ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಒಂಬತ್ತು ಸೆಕೆಂಡು ಸಾಕು. ಹುರುಳಿ, ರಾಗಿ ರಸ್ತೆಗೆ ಬರುವ ತಿಂಗಳುಗಳಲ್ಲಿ, ದೀಪವಿಲ್ಲದ ಎತ್ತಿನ ಗಾಡಿ ಸದಾ ಇರುವ ನಮ್ಮ ದಾರಿಗಳಲ್ಲಿ, ಆ ಒಂಬತ್ತೂ ಸೆಕೆಂಡು ಬೇಕು.

ಈಗ ಗುದ್ದಿನ ವಿಷಯಕ್ಕೆ ಬರುತ್ತೇನೆ. ಗುದ್ದಿದರೆ ದೀಪ ಹತ್ತುತ್ತದೆ ಎಂದರೆ ಅದರಲ್ಲೇ ರೋಗದ ಹೆಸರಿದೆ. ಬಲ್ಬಿನ ತಂತಿ ಕಡಿದುಹೋಗಿದ್ದರೆ ಸಾಮಾನ್ಯವಾಗಿ ಎಷ್ಟು ಗುದ್ದಿದರೂ ಹತ್ತುವುದಿಲ್ಲ. ಹತ್ತಿತು ಎಂದರೆ ಬಲ್ಬು ಬಹುಪಾಲು ಚೆನ್ನಾಗಿದೆ, ವೈರಿನ ದಾರಿಯಲ್ಲಿ ಎಲ್ಲೋ ಒಂದು ಕೂಡಿಕೆ ಸಡಿಲವಾಗಿದೆ, ಗುದ್ದಿಗೆ ಅದು ಒಂದು ಕ್ಷಣ ಸರಿಯಾಗಿ ಕೂರುತ್ತಿದೆ ಅಂತ ಅರ್ಥ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ನೋಡಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಟ್ಟು ಕಪ್ಪಾದ ಸ್ಕ್ರೂ ಕಂಡಕೂಡಲೇ ಅವರೇ ಹೇಳುತ್ತಾರೆ, ಲೂಸ್ ಕನೆಕ್ಷನ್ ಅಂತ. ಕಾರಿನ ಬಾನೆಟ್ ಎತ್ತಿದಾಗ ಮಾತ್ರ ಯಾಕೋ ನಾವೆಲ್ಲ ಬಲ್ಬನ್ನೇ ಅನುಮಾನಿಸುತ್ತೇವೆ.

ಮಾರನೆಯ ದಿನ ನಮ್ಮ ಭಾವ ಬಂದರು. ಅಕ್ಕನ ಯಜಮಾನರು. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಸರ್ವೀಸು ಪೂರ್ತಿ ಕಳೆದವರು. ಆ ಕಾರ್ಖಾನೆ ಈಗಿಲ್ಲ, ಜಾಗ ಇಸ್ರೋ ಕೈಸೇರಿದೆ. ಆದರೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಭೂತಗನ್ನಡಿ ಇವತ್ತಿಗೂ ಅವರ ಅಂಗಿಯ ಜೇಬಿನಲ್ಲಿರುತ್ತದೆ. ನಾನು ಹೊಸ ಬಲ್ಬು ತರಿಸಲಾ ಎಂದು ಕೇಳಿದೆ. “ಬಲ್ಬಿಗೆ ಯಾಕಮ್ಮ ಬೈತೀಯ? ಅದು ಕೊಟ್ಟಷ್ಟು ಉಂಡು ಬೆಳಗ್ತದೆ. ಅನ್ನ ಎಲ್ಲಿ ಸೋರ್ತಿದೆ ನೋಡು ಮೊದಲು” ಅಂದರು.

ಮೊದಲು ಮಾಡಬೇಕಾದದ್ದು, ಏನೂ ಮುಟ್ಟದೆ ಸುಮ್ಮನೆ ನೋಡುವುದು. ಎರಡೂ ದೀಪ ಹೋಗಿದೆಯೋ, ಒಂದೇ ಹೋಗಿದೆಯೋ? ಎರಡೂ ಒಟ್ಟಿಗೆ ಹೋಗಿದ್ದರೆ ಫ್ಯೂಸು, ರಿಲೇ ಅಥವಾ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನಲ್ಲಿ ತೊಂದರೆ. ಎರಡು ಬಲ್ಬು ಒಂದೇ ಗಳಿಗೆಯಲ್ಲಿ ಹೋಗುವುದು ತೀರಾ ಅಪರೂಪ. ಒಂದೇ ಹೋಗಿದ್ದರೆ ಬಲ್ಬು, ಅದರ ಹಿಂದಿನ ಕಪ್ಲರು ಅಂದರೆ ಹೋಲ್ಡರು, ಅಲ್ಲಿಂದ ಬಾಡಿಗೆ ಹೋಗುವ ಅರ್ತಿನ ವೈರು, ಕೆಲವು ಗಾಡಿಗಳಲ್ಲಿ ಆ ಬದಿಯ ಪ್ರತ್ಯೇಕ ಫ್ಯೂಸು. ಬ್ರೈಟ್ ಬಂದು ಡಿಮ್ ಬರುತ್ತಿಲ್ಲವಾದರೆ ಆ ಒಂದು ಎಳೆಯ ತೊಂದರೆ. ಎಚ್4 ಎನ್ನುವ ಬಲ್ಬಿನಲ್ಲಿ ಒಂದೇ ಗಾಜಿನೊಳಗೆ ಎರಡು ತಂತಿಗಳಿರುತ್ತವೆ, ಬ್ರೈಟಿಗೆ 60 ವ್ಯಾಟು, ಡಿಮ್ಮಿಗೆ 55. ಹಿಂದೆ ಮೂರು ಕಾಲು. ಎರಡು ಕಾಲು ಎರಡು ತಂತಿಗೆ, ಮೂರನೆಯದು ಎರಡಕ್ಕೂ ಸೇರಿದ್ದು, ಸಾಮಾನ್ಯವಾಗಿ ಅರ್ತು. ಆ ಮೂರನೇ ಕಾಲಿನ ಕಡೆ ಕೆಟ್ಟರೆ ವಿಚಿತ್ರ ಲಕ್ಷಣಗಳು ಕಾಣುತ್ತವೆ. ಡಿಮ್ ಹಾಕಿದರೆ ಎರಡೂ ತಂತಿ ಮಬ್ಬಾಗಿ ಕೆಂಪಗೆ ಹೊಳೆಯುವುದು, ಡ್ಯಾಶ್‌ಬೋರ್ಡಿನ ನೀಲಿ ದೀಪ ತಾನಾಗಿ ಮಿಣುಕುವುದು, ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟೂ ಅದರ ಜೊತೆ ತಾಳ ಹಾಕುವುದು. ಕರೆಂಟಿಗೆ ಮನೆಗೆ ಮರಳುವ ದಾರಿ ಮುಚ್ಚಿದಾಗ ಅದು ಪಕ್ಕದವರ ಹಿತ್ತಲು ಹಾದು ಹೋಗುತ್ತದೆ, ಅದರ ಗುರುತು ಇದು. ನಮ್ಮ ಕಾರಿನ ನೀಲಿ ದೀಪ ಮೂರು ತಿಂಗಳಿಂದ ಮಿಣುಕುತ್ತಿತ್ತು. ನಾನು ನೋಡಿಯೂ ಗಮನಕ್ಕೆ ತಂದುಕೊಂಡಿರಲಿಲ್ಲ.

ಆಮೇಲೆ ಅಲುಗಾಡಿಸಿ ನೋಡುವ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಪಕ್ಕದ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು, ಸಂಜೆ ಓದಿಸಿಕೊಳ್ಳಲು ಬರುವವಳು, ಅವಳನ್ನು ಕರೆದೆ. ಹೊತ್ತು ಮುಳುಗಿದ ಮೇಲೆ ಕಾರನ್ನು ಮನೆಯ ಸುಣ್ಣದ ಗೋಡೆಗೆ ಎದುರಾಗಿ ನಿಲ್ಲಿಸಿ ಡಿಮ್ ಹಾಕಿದೆವು. “ನೀನು ದೀಪ ನೋಡಬೇಡ ಮಗಳೇ, ಗೋಡೆ ನೋಡು. ಬೆಳಕಿನ ಗುರುತು ಅಲ್ಲಾಡಿದರೆ ಕೂಗು” ಅಂದೆ. ದೀಪ ನೋಡಿದರೆ ಕಣ್ಣು ಕೋರೈಸುತ್ತದೆ, ಸಣ್ಣ ಏರಿಳಿತ ಗೊತ್ತಾಗುವುದಿಲ್ಲ. ಗೋಡೆಯ ಮೇಲೆ ಗೊತ್ತಾಗುತ್ತದೆ. ನಾನು ಬಾನೆಟ್ಟಿನೊಳಗೆ ಕೈ ಹಾಕಿ ಫ್ಯೂಸ್ ಡಬ್ಬಿಯ ಕಡೆಯಿಂದ ವೈರಿನ ಕಟ್ಟನ್ನು ಗೇಣು ಗೇಣಾಗಿ ಮೆಲ್ಲಗೆ ಅಲುಗಾಡಿಸುತ್ತಾ ಬಂದೆ. ಇಂಜಿನ್ ಬಂದ್ ಇತ್ತು. ಫ್ಯಾನು, ಬೆಲ್ಟು ತಿರುಗುವಾಗ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಬ್ಯಾಟರಿಯ ಪಕ್ಕದಲ್ಲಿ ಏನೂ ಇಲ್ಲ. ತಿರುವಿನಲ್ಲಿ ಏನೂ ಇಲ್ಲ. ದೀಪದ ಹಿಂದಿನ ಕಪ್ಲರನ್ನು ಒಂಚೂರು ಮೇಲಕ್ಕೆತ್ತಿದೆ. “ಬಂತು ಮಿಸ್!” ಅಂದಳು. ಕೈ ಬಿಟ್ಟೆ. “ಹೋಯ್ತು ಮಿಸ್.”

ಕಪ್ಲರು ಕಳಚುವ ಮುಂಚೆ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ವಿಚ್ಚು ಆರಿಸಿ ಕೀಲಿ ತೆಗೆದು ಕಾಲು ಗಂಟೆ ಬಿಡಿ, ಹ್ಯಾಲೋಜನ್ ಬಲ್ಬು ಮುಟ್ಟಿದರೆ ಸುಡುವಷ್ಟು ಕಾದಿರುತ್ತದೆ. ಕೈಯ ಬಳೆ, ಉಂಗುರ ತೆಗೆದಿಡಿ. ಹೆಣ್ಣುಮಕ್ಕಳು ಇದನ್ನು ಮರೆಯಲೇಬಾರದು. 12 ವೋಲ್ಟು ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಚಿನ್ನದ ಬಳೆಯೊಂದು ಬ್ಯಾಟರಿಯ ಪ್ಲಸ್ಸಿಗೂ ಬಾಡಿಗೂ ನಡುವೆ ಸಿಕ್ಕಿಕೊಂಡರೆ ಕೆಂಪಗೆ ಕಾದು ಮಣಿಕಟ್ಟನ್ನು ಸುಟ್ಟುಬಿಡುತ್ತದೆ. ಅದಕ್ಕೇ ಮೊದಲು ಮೈನಸ್ ಟರ್ಮಿನಲ್ ಬಿಚ್ಚುವುದು, ಕೊನೆಗೆ ಅದನ್ನೇ ಹಾಕುವುದು. ಇನ್ನು, ನಿಮ್ಮ ಗಾಡಿಯಲ್ಲಿರುವುದು ಝೆನಾನ್ ದೀಪವಾದರೆ ಕೈ ಹಾಕಲೇಬೇಡಿ, ಅಲ್ಲಿ ಸಾವಿರಾರು ವೋಲ್ಟಿನ ಕೆಲಸ. ನಾನು ಹೇಳುತ್ತಿರುವುದು ಸಾದಾ ಹ್ಯಾಲೋಜನ್ ಬಲ್ಬಿನ ಕಾರುಗಳ ಮಾತು.

ಕಪ್ಲರನ್ನು ವೈರು ಹಿಡಿದು ಎಳೆಯಬಾರದು. ಅದರ ಮೈ ಹಿಡಿದು, ಕೊಕ್ಕೆ ಇದ್ದರೆ ಒತ್ತಿ, ಎಡಬಲ ಅಲ್ಲಾಡಿಸಿ ನೇರವಾಗಿ ಹಿಂದಕ್ಕೆಳೆಯಬೇಕು. ನಮ್ಮದು ಬರಲೇ ಇಲ್ಲ, ಅಂಟಿಕೊಂಡಿತ್ತು. ಬಂದಾಗ ನೋಡಿದರೆ ಮೂರು ಸಂದಿಗಳಲ್ಲಿ ಒಂದರ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿತ್ತು, ಬೆಂಕಿಗೆ ಹಿಡಿದ ಹಪ್ಪಳದ ಅಂಚಿನ ಹಾಗೆ ಸುರುಟಿತ್ತು. ಕಪ್ಪು ವೈರಿನ ಸಂದಿ. ಅರ್ತು. ಭಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಟಾರ್ಚ್ ಹಿಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ಆ ಹುಡುಗಿಗೆ ಕೊಟ್ಟರು, ಆಮೇಲೆ ನನಗೆ. ಸಂದಿಯೊಳಗೆ ಬಲ್ಬಿನ ಕಾಲನ್ನು ಕಚ್ಚಿ ಹಿಡಿಯಬೇಕಾದ ಪುಟ್ಟ ತಗಡಿನ ಎರಡು ತುಟಿಗಳಿವೆ. ಉಳಿದೆರಡು ಸಂದಿಗಳಲ್ಲಿ ತುಟಿ ಕೂಡಿದ್ದವು, ಬಣ್ಣ ಹಿತ್ತಾಳೆಯದು. ಇದರಲ್ಲಿ ಬಾಯಿ ಬಿಟ್ಟಿತ್ತು, ಬಣ್ಣ ನೀಲಿಗಪ್ಪು. ಒಮ್ಮೆ ಕಾದು ಕೆಂಪಾದ ತಗಡಿನ ಕಸುವು ಹೋಗುತ್ತದೆ, ಅದು ಮತ್ತೆ ಕಚ್ಚಿ ಹಿಡಿಯದು. ಸಡಿಲವಾದ್ದರಿಂದ ಕಾದಿತು, ಕಾದದ್ದರಿಂದ ಇನ್ನೂ ಸಡಿಲವಾಯಿತು. ಗೋಧಿಕಾಳಿನಷ್ಟು ಜಾಗದಲ್ಲಿ ಇಷ್ಟೆಲ್ಲ ನಡೆದಿತ್ತು.

ಅಲ್ಲಿ ಎಷ್ಟು ಕಾವು ಹುಟ್ಟುತ್ತದೆ? 55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್ ಚಿಲ್ಲರೆ ಎಳೆಯುತ್ತದೆ. ಸಡಿಲ ಕೂಡಿಕೆಯಲ್ಲಿ ಒಂದು ವೋಲ್ಟು ಕಳೆದುಹೋದರೂ ಅಲ್ಲಿ ನಾಲ್ಕೈದು ವ್ಯಾಟು ಕಾವಾಗುತ್ತದೆ. ಅಂಗೈಯಗಲಕ್ಕೆ ಹರಡಿದರೆ ಅದು ಏನೂ ಅಲ್ಲ, ಆ ಪುಟ್ಟ ತುಟಿಯ ಮೇಲೆ ಬಿದ್ದರೆ ಪ್ಲಾಸ್ಟಿಕ್ಕು ಕರಗುತ್ತದೆ. ಅದಕ್ಕೇ ಬೆಳಕು ಜಾಸ್ತಿ ಬರಲಿ ಅಂತ 100 ವ್ಯಾಟಿನ ಬಲ್ಬು ಹಾಕಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕರೆಂಟು ಒಂದೂಮುಕ್ಕಾಲು ಪಟ್ಟು ಹತ್ತಿರ ಹೆಚ್ಚಿದರೆ ಕೂಡಿಕೆಯ ಕಾವು ಮೂರು ಪಟ್ಟು ಹತ್ತಿರ ಹೆಚ್ಚುತ್ತದೆ, ಕರೆಂಟಿನ ವರ್ಗಕ್ಕೆ ತಕ್ಕಂತೆ. ಹೋಲ್ಡರು ಸುಡುತ್ತದೆ, ಎದುರು ಬರುವವರ ಕಣ್ಣೂ ಸುಡುತ್ತದೆ. ಫ್ಯೂಸು ಹೋದಾಗ ದಪ್ಪ ಫ್ಯೂಸು ಹಾಕುವುದು, ಸಿಗರೇಟು ಡಬ್ಬಿಯ ತಗಡು ಸುತ್ತುವುದು ಅದಕ್ಕಿಂತ ಕೆಟ್ಟದ್ದು. ಕೆಂಪು ಫ್ಯೂಸು 10 ಆಂಪಿಯರ್, ನೀಲಿ 15, ಹಳದಿ 20. ಯಾವ ಬಣ್ಣ ಇತ್ತೋ ಅದೇ ಬಣ್ಣ ಹಾಕಿ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ಅನೇಕರು ಕಪ್ಲರು ಕಳಚಿ, ಅದರೊಳಗೆ ಮೀಟರಿನ ಕಡ್ಡಿ ಇಟ್ಟು, 12 ವೋಲ್ಟು ಬರುತ್ತಿದೆ ನೋಡಿ, ವೈರಿಂಗ್ ಸರಿಯಾಗಿದೆ ಎನ್ನುತ್ತಾರೆ. ಮೀಟರು ಸುಳ್ಳು ಹೇಳುತ್ತಿಲ್ಲ, ಆದರೆ ನಾವು ಕೇಳಿದ ಪ್ರಶ್ನೆ ತಪ್ಪು. ಕೆರೆಯ ತೂಬಿಗೆ ಕಸ ಕಟ್ಟಿಕೊಂಡಿದೆ ಅಂದುಕೊಳ್ಳಿ. ಕಾಲುವೆಯ ತುದಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದರೆ, ಕಸದ ಸಂದಿಯಿಂದ ಜಿನುಗಿ ಜಿನುಗಿ ಕಾಲುವೆಯಲ್ಲೂ ನೀರು ಏರಿ ನಿಲ್ಲುತ್ತದೆ, ತೂಬು ಚೆನ್ನಾಗಿದೆ ಅನ್ನಿಸುತ್ತದೆ. ಗದ್ದೆಗೆ ತೆರೆದು ಬಿಡಿ, ಆಗ ಗೊತ್ತಾಗುತ್ತದೆ, ಕೊನೆಯ ಮಡಿಗೆ ನೀರೇ ಹೋಗುವುದಿಲ್ಲ. ಹರಿಯುವಾಗಲೇ ಅಳೆಯಬೇಕು. ದೀಪ ಉರಿಯುತ್ತಿರುವಾಗಲೇ ವೋಲ್ಟೇಜು ನೋಡಬೇಕು.

ಬ್ಯಾಟರಿಯನ್ನು ಮತ್ತೆ ಸೇರಿಸಿ, ಕಪ್ಲರನ್ನು ಬಲ್ಬಿಗೆ ಪೂರ್ತಿ ಕೂರಿಸದೆ ಕಾಲುಗಳು ಚೂರು ಕಾಣುವಷ್ಟು ಬಿಟ್ಟು, ಡಿಮ್ ಹಾಕಿ ನೋಡಿದೆವು. ಎರಡು ಕಾಲಿಗೆ ಒಂದೇ ಕಡ್ಡಿ ತಾಗದ ಹಾಗೆ ಎಚ್ಚರ ಬೇಕು. ಬ್ಯಾಟರಿಯ ಮೇಲೆ 12.3. ಬಲ್ಬಿನ ಕಾಲುಗಳ ನಡುವೆ 10.8. ಒಂದೂವರೆ ವೋಲ್ಟು ದಾರಿಯಲ್ಲೇ ಕಳೆದಿತ್ತು. ಒಂದು ಕಡ್ಡಿಯನ್ನು ಅರ್ತಿನ ಕಾಲಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟಾಗ 1.2. ಅಂದರೆ ಕಳ್ಳತನ ಬಹುಪಾಲು ಅರ್ತಿನ ಕಡೆಯದೇ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಇಂಥ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಹತ್ತಿದಾಗಲೂ ನಮ್ಮ ಕಾರಿನ ಬಲಗಣ್ಣು ಮಂದವಾಗಿಯೇ ಇತ್ತು. ನನಗೆ ವಯಸ್ಸಾಯಿತು, ರಾತ್ರಿ ಹೊತ್ತು ಕಣ್ಣು ಕಾಣಿಸುತ್ತಿಲ್ಲ ಎಂದು ನಾನು ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ. ಮೀಟರು ಇಲ್ಲದವರು ಹಳೆಯ 12 ವೋಲ್ಟಿನ ಬಲ್ಬಿಗೆ ಎರಡು ವೈರು ಬೆಸೆದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಅದು ತಾನೇ ಕರೆಂಟು ಎಳೆಯುವುದರಿಂದ ಸಡಿಲ ಕೂಡಿಕೆಯ ಮುಂದೆ ಮಂಕಾಗಿ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಕೆಲವು ಕಾರುಗಳಲ್ಲಿ ಮೂರನೇ ಕಾಲು ಅರ್ತಲ್ಲ, ಪ್ಲಸ್ಸು. ಗಾಡಿಯ ಪುಸ್ತಕ ನೋಡಿಕೊಂಡು ಅಳೆಯಿರಿ.

ಮಾರನೆಯ ಬೆಳಿಗ್ಗೆ ಮೈನಸ್ ಬಿಚ್ಚಿ ರಿಪೇರಿಗೆ ಕೂತೆವು. ಕಪ್ಪು ವೈರಿನ ಜಾಡು ಹಿಡಿದು ಹೋದರೆ ದೀಪದ ಕೆಳಗೆ ಬಾಡಿಗೆ ಬಿಗಿದ ಒಂದು ಬೋಲ್ಟು ಸಿಕ್ಕಿತು. 10ನೇ ನಂಬರಿನ ಸ್ಪ್ಯಾನರಿಗೆ ಬಂತು. ಅದರಡಿಯ ವೈರಿನ ಕಣ್ಣಿಗೆ ಹಸಿರು ಕಿಲುಬು, ಬಾಡಿಯ ತಗಡಿಗೆ ಕೆಂಪು ತುಕ್ಕು. ಹುಣಿಸೆಹಣ್ಣು ಹಾಕಿ ತಿಕ್ಕುವ ಚೊಂಬಿನ ಮೇಲೆ ಮಳೆಗಾಲದಲ್ಲಿ ಕೂರುತ್ತದಲ್ಲ, ಅದೇ ಕಿಲುಬು. ಇದಕ್ಕೆ ಹುಣಿಸೆಹಣ್ಣು ಹಾಕಬೇಡಿ, ಹುಳಿ ಉಳಿದರೆ ಮತ್ತೆ ತಿನ್ನುತ್ತದೆ. ಎಮರಿ ಪೇಪರಿನಲ್ಲಿ ಎರಡೂ ಕಡೆ ಲೋಹ ಹೊಳೆಯುವವರೆಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಬಿಗಿಯಾಗಿ ಹಾಕಿ, ಬಿಗಿದ ಮೇಲೆ ವ್ಯಾಸಲೀನು ಸವರಿದೆವು. ಅರ್ಧ ರೋಗ ಅಲ್ಲಿಗೇ ಹೋಯಿತು.

ಕಪ್ಲರಿನ ತುಟಿ ಬರೀ ಸಡಿಲವಾಗಿದ್ದರೆ, ಸೂಜಿಯಿಂದ ಒತ್ತಿ ಬಾಯಿ ಕೂಡಿಸಬಹುದು. ನಮ್ಮದರಂತೆ ಸುಟ್ಟಿದ್ದರೆ ಹೊಸದನ್ನೇ ಹಾಕಬೇಕು. ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕಾವು ತಡೆಯುವ ಸೆರಾಮಿಕ್ ಹೋಲ್ಡರು ವೈರಿನ ಸಮೇತ ಸಿಗುತ್ತದೆ. ಮೂರೂ ವೈರು ಒಟ್ಟಿಗೆ ಕತ್ತರಿಸಬೇಡಿ, ಯಾವುದು ಯಾವುದಕ್ಕೆ ಎನ್ನುವುದು ಕಲಸಿಹೋಗುತ್ತದೆ. ಒಂದು ಕತ್ತರಿಸಿ, ಒಂದು ಸೇರಿಸಿ, ಆಮೇಲೆ ಇನ್ನೊಂದು. ಮೂರು ಕೂಡಿಕೆಯೂ ಒಂದೇ ಜಾಗದಲ್ಲಿ ಬರದ ಹಾಗೆ ಬೇರೆ ಬೇರೆ ಅಳತೆಗೆ ಕತ್ತರಿಸಿದರೆ ಗಂಟೂ ದಪ್ಪವಾಗದು, ಒಂದಕ್ಕೊಂದು ತಾಗಿ ಶಾರ್ಟೂ ಆಗದು. ಭಾವ ಬೆಸುಗೆ ಹಾಕಿದರು, ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಸ್ಲೀವು ಹಾಕಿ ಬಿಸಿ ಮಾಡಿ ಕುಗ್ಗಿಸಿದರು. ಬರೀ ಕೈಯಲ್ಲಿ ಹುರಿಹೊಸೆದು ಟೇಪು ಸುತ್ತಿದರೆ ನಮ್ಮ ಹಂಪುಗಳ ಮೇಲೆ ಅದು ಒಂದು ಮಳೆಗಾಲ ಬಾಳುವುದಿಲ್ಲ. ಬಲ್ಬು ಹಾಕುವಾಗ ಗಾಜನ್ನು ಬರಿ ಬೆರಳಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಕೂತ ಕಡೆ ಗಾಜು ವಿಪರೀತ ಕಾದು ಒಡೆಯಬಹುದು. ಶುದ್ಧ ಬಟ್ಟೆಯಲ್ಲಿ ಹಿಡಿಯಿರಿ. ಕೊನೆಗೆ ಹಿಂದಿನ ರಬ್ಬರ್ ಟೋಪಿಯನ್ನು ಸರಿಯಾಗಿ ಕೂರಿಸಿ. ಅದನ್ನು ಮರೆತರೆ ಗಾಡಿ ತೊಳೆಯುವಾಗ ಪ್ರೆಷರ್ ನೀರು ಒಳಗೆ ಹೋಗಿ ಕಿಲುಬು ಮತ್ತೆ ಶುರುವಾಗುತ್ತದೆ.

ಇಲಿಯ ಮಾತು ಹೇಳದೆ ಹೋದರೆ ನಮ್ಮ ಜಿಲ್ಲೆಯವರು ಒಪ್ಪುವುದಿಲ್ಲ. ಗುಬ್ಬಿ, ತಿಪಟೂರು, ಕುಣಿಗಲ್, ಎಲ್ಲಿ ಕೊಬ್ಬರಿಯ ಅಟ್ಟ ಇದೆಯೋ ಅಲ್ಲಿ ಇಲಿ ಇದೆ. ಅಟ್ಟದ ಕೆಳಗೆ ಕಾರು ನಿಲ್ಲಿಸಿದರೆ ಬಿಸಿ ಇಂಜಿನ್ನಿನ ಮೇಲೆ ಮಲಗಲು ಬಂದು ವೈರು ಕಡಿಯುತ್ತದೆ. ಅಲುಗಾಡಿಸುವ ಪರೀಕ್ಷೆಯಲ್ಲಿ ವೈರಿನ ನಡುವೆ ಎಲ್ಲೋ ಬೆಳಕು ಹೋಗಿ ಬರುತ್ತಿದ್ದರೆ ಟೇಪು ಬಿಚ್ಚಿ ಹಲ್ಲಿನ ಗುರುತು ಹುಡುಕಿ.

ಆ ದಿನ ಸಂಜೆ ಮತ್ತೆ ಅಳೆದಾಗ ಬ್ಯಾಟರಿಯ ಮೇಲೆ 12.3, ಬಲ್ಬಿನಲ್ಲಿ 11.9. ಹುಡುಗಿ ಗೋಡೆಯ ಮುಂದೆ ನಿಂತಿದ್ದಳು. ಎರಡೂ ಬೆಳಕಿನ ಗುರುತು ಒಂದೇ ಎತ್ತರಕ್ಕೆ ಬಿದ್ದವು. ನಾನು ಬಾನೆಟ್ ಮುಚ್ಚಿ, ಬಲಗಡೆಯ ದೀಪದ ಪಕ್ಕಕ್ಕೆ ಅಂಗೈಯಿಂದ ಎರಡು ಗುದ್ದು ಹಾಕಿದೆ. ಗೋಡೆಯ ಮೇಲಿನ ಬೆಳಕು ಅಲ್ಲಾಡಲಿಲ್ಲ. ಹುಡುಗಿ ಎಡಗಡೆಯದಕ್ಕೂ ಹಾಗೇ ಗುದ್ದಿದಳು. ಆ ಕಡೆಯ ಬೆಳಕು ಕಣ್ಣು ಮಿಟುಕಿಸುವಷ್ಟು ಹೊತ್ತು ಮಂಕಾಗಿ ಮತ್ತೆ ಬಂತು. “ನೋಡಿದ್ರಾ ಮಿಸ್?” ಅಂದಳು. ನೋಡಿದೆ. ಅದರ ಹೋಲ್ಡರಿಗೂ ಅಷ್ಟೇ ವಯಸ್ಸು. ಬರುವ ಭಾನುವಾರ ಅದನ್ನು ಬಿಚ್ಚುವುದು ಅಂತ ಗೊತ್ತು ಮಾಡಿದ್ದೇವೆ, ಭಾವ ಭೂತಗನ್ನಡಿಯನ್ನು ಅವಳ ಹತ್ತಿರವೇ ಬಿಟ್ಟು ಹೋಗಿದ್ದಾರೆ.